ಎಂಟೂವರೆಯ ಅಂಗಾಲು

ಮುಖ್ಯರಸ್ತೆಯ ದೊಡ್ಡ ಶೂ ಅಂಗಡಿಯಲ್ಲಿ ಗಂಡಸರ ವಿಭಾಗ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಎಂಟೂವರೆ ಎಂದೇ ಕರೆಯುತ್ತಿದ್ದರು. ಗಿರಾಕಿ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದು ಎರಡು ಹೆಜ್ಜೆ ಇಡುವಷ್ಟರಲ್ಲಿ ಅವನು ಕೂತಲ್ಲಿಂದಲೇ ಕಾಲಿನ ಅಳತೆ ಹೇಳಿಬಿಡುತ್ತಿದ್ದ. ಕೆಲಸಕ್ಕೆ ಸೇರಿದ ದಿನವೇ ಮಾಲೀಕರ ಕಾಲು ನೋಡಿ, ನೀವು ಹಾಕಿಕೊಂಡಿರುವುದು ಎಂಟು, ನಿಮ್ಮದು ಎಂಟೂವರೆ ಎಂದಿದ್ದನಂತೆ. ಮಾಲೀಕರು ಅಳೆಸಿ ನೋಡಿದರು. ಎಂಟೂವರೆಯೇ. ಅಂದು ಅಂಟಿದ ಹೆಸರು ಇಪ್ಪತ್ತೆರಡು ವರ್ಷವಾದರೂ ಬಿಟ್ಟಿರಲಿಲ್ಲ. ಮಾಲೀಕರು ಮಾತ್ರ ಈಗಲೂ ಎಂಟನ್ನೇ ಹಾಕಿಕೊಂಡು ಕುಂಟುತ್ತಿದ್ದರು.

ಅವನ ಕೆಲಸದಲ್ಲಿ ಕೊಂಕು ಹುಡುಕುವ ಹಾಗಿರಲಿಲ್ಲ. ಕೊಂಕೆಲ್ಲ ಇದ್ದದ್ದು ನಾಲಿಗೆಯಲ್ಲಿ. ಗಿರಾಕಿಯ ಎದುರು ಅವನಷ್ಟು ನಯವಾದ ಮನುಷ್ಯ ಇನ್ನೊಬ್ಬನಿಲ್ಲ. ತಗ್ಗು ಸ್ಟೂಲಿನ ಮೇಲೆ ಕೂತು, ಬಂದವರ ಪಾದವನ್ನು ಎರಡೂ ಕೈಯಲ್ಲಿ ಹಿಡಿದು, ನಿಮ್ಮ ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ ಸಾರ್ ಎನ್ನುತ್ತಿದ್ದ. ಸಂಜೆ ಮನೆಗೆ ಬಂದು ಊಟಕ್ಕೆ ಕೂತರೆ ಅದೇ ಸಾರುಗಳ ಕಾಲುಗಳು ಒಂದೊಂದಾಗಿ ತಟ್ಟೆಯ ಮುಂದೆ ಬಂದು ನಿಲ್ಲುತ್ತಿದ್ದವು. ಒಬ್ಬ ವಕೀಲನ ಕಾಲ್ಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು, ಅದನ್ನು ಇನ್ನೊಂದು ಕಾಲಿನಡಿ ಅಡಗಿಸಿಕೊಂಡ. ಒಬ್ಬ ಹೊಸ ಮದುವಣಿಗ ಚೂಪು ಮೂತಿಯ ಶೂ ಬೇಕೆಂದು ಹಟ ಹಿಡಿದ, ಅವನ ಪಾದವೋ ಮಣೆಯ ಹಾಗೆ. ಎಂಟೂವರೆಯ ಲೆಕ್ಕದಲ್ಲಿ ಪ್ರಪಂಚದಲ್ಲಿದ್ದದ್ದು ಎರಡೇ ಬಗೆಯ ಜನ: ತಮ್ಮ ಕಾಲಿನ ಅಳತೆ ಗೊತ್ತಿಲ್ಲದ ದಡ್ಡರು, ಗೊತ್ತಿದ್ದೂ ಒಪ್ಪಿಕೊಳ್ಳದ ಸುಳ್ಳರು.

ಹೆಂಡತಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ, ಮನೆಯಲ್ಲಿದ್ದದ್ದು ಎರಡೇ ಕೋಣೆ. ಅವಳು ಪರದೆ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹಗಲಿಡೀ ನಿಂತು ಥಾನುಗಟ್ಟಲೆ ಬಟ್ಟೆ ಕತ್ತರಿಸಿ, ಮಿಷನ್ನಿನ ಮುಂದೆ ಕೂತು ಮಾರುದ್ದದ ಅಂಚು ಹೊಲಿದು ಬಂದವಳಿಗೆ ಸಂಜೆ ಮಾತು ಬೇಕಿರಲಿಲ್ಲ. ಹೂಂ ಎನ್ನುತ್ತಿದ್ದಳು. ಆ ಹೂಂ ಒಪ್ಪಿಗೆಯದು ಎಂದೇ ಅವನು ಇಪ್ಪತ್ತು ವರ್ಷ ತಿಳಿದಿದ್ದ.

ಇಂಥವನ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ದಪ್ಪ ಭಾಗದಲ್ಲಿ, ಒಂದು ದಿನ ಏನೋ ಚುಚ್ಚಿತು. ಶೂ ಒಳಗೆ ಕಲ್ಲು ಸೇರಿದೆ ಎಂದುಕೊಂಡು ಎರಡು ಸಲ ಬಿಚ್ಚಿ ಕೊಡವಿದ. ಕಲ್ಲಿರಲಿಲ್ಲ. ಮನೆಗೆ ಬಂದು ಕಾಲು ತಿರುವಿ ನೋಡಿದರೆ ಕಾಳಿನಷ್ಟು ಗಟ್ಟಿಯಾದ ಚರ್ಮ, ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು. ಆಣಿ ಎಂದು ತೀರ್ಪು ಕೊಟ್ಟ. ಹೆಂಡತಿ ಬಗ್ಗಿ ನೋಡಿ, ಕಪ್ಪು ಚುಕ್ಕೆ ಇದೆಯಲ್ಲ, ಆಣಿಯಲ್ಲಿ ಹಾಗಿರಲ್ಲ, ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸಿ ಎಂದಳು.

"ಇಪ್ಪತ್ತೆರಡು ವರ್ಷದಿಂದ ಕಾಲು ನೋಡ್ತಿರೋನಿಗೆ ಕಾಲಿನ ವಿಷಯ ಹೇಳೋಕೆ ನೀನ್ಯಾರು?" ಎಂದ ಅವನು.

ಅವಳು ಹೂಂ ಎಂದಳು.

ಅಂಗಡಿಯ ಗಲ್ಲಾದ ಪಕ್ಕದಲ್ಲಿ ಆಣಿಗೆ ಹಚ್ಚುವ ದುಂಡನೆಯ ಪಟ್ಟಿಗಳನ್ನು ತೂಗುಹಾಕಿದ್ದರು. ಸಾವಿರಾರು ಜನರಿಗೆ ಮಾರಿದ್ದ, ಈಗ ತನಗೇ ಒಂದು ಪೊಟ್ಟಣ ತಂದು ಹಚ್ಚಿಕೊಂಡ. ಸುತ್ತಲಿನ ಒಳ್ಳೆಯ ಚರ್ಮ ಬೆಳ್ಳಗೆ ನೆನೆದು ಕಿತ್ತುಬಂತು, ಕಾಳು ಇದ್ದಲ್ಲೇ ಇತ್ತು. ಆಮೇಲೆ ಬ್ಲೇಡು ತೆಗೆದುಕೊಂಡ. ಬಚ್ಚಲಲ್ಲಿ ಕೂತು ಹೆರೆದ. ರಕ್ತ ಬಂತು, ಒರೆಸಿದ, ಮತ್ತೆ ಹೆರೆದ. ಕಾಲು ಉಜ್ಜುವ ಕಲ್ಲಿನಿಂದ ತಿಕ್ಕಿದ. ಆ ಕಲ್ಲು ಗಂಡ ಹೆಂಡತಿ ಇಬ್ಬರದ್ದೂ. ತಿಕ್ಕಿದ ಕಲ್ಲನ್ನು ತೊಳೆಯದೆ ಅಲ್ಲೇ ಇಟ್ಟು ಎದ್ದುಬರುತ್ತಿದ್ದ.

ಮೂರು ತಿಂಗಳಲ್ಲಿ ಒಂದು ಕಾಳು ನಾಲ್ಕಾಯಿತು. ಹೆಂಡತಿ ಇನ್ನೆರಡು ಸಲ ಡಾಕ್ಟರ ಹೆಸರೆತ್ತಿದಳು. ಎರಡು ಸಲವೂ ಅವನು ನಕ್ಕ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ.

ಅವಳು ಬಿಟ್ಟರೂ ಅವಳ ತಮ್ಮ ಬಿಡಬೇಕಲ್ಲ. ಈ ಭಾವಮೈದ ಮನೆಮನೆಗೆ ಹೋಗಿ ನೀರು ಸೋಸುವ ಯಂತ್ರ ಮಾರುವವನು. ಮಾರಾಟ ಅಷ್ಟಕ್ಕಷ್ಟೇ, ಸಲಹೆ ಮಾತ್ರ ಧಾರಾಳ. ಯಾರ ಮನೆಗೆ ಹೋದರೂ ಯಂತ್ರದ ಬದಲು ಅವರ ಕಾಯಿಲೆಗೆ ಮದ್ದು ಹೇಳಿ, ಕಾಫಿ ಕುಡಿದು ಬರುತ್ತಿದ್ದ. ಭಾವನ ಕಾಲಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಪ್ರತಿ ಭಾನುವಾರ ಹಾಜರಾಗತೊಡಗಿದ. ಮೊದಲು ಬಾಳೆಹಣ್ಣಿನ ಸಿಪ್ಪೆ ಕಟ್ಟಿಕೊಳ್ಳಿ ಎಂದ. ಮುಂದಿನ ವಾರ ಬೆಳ್ಳುಳ್ಳಿ ಅರೆದು ಕಟ್ಟಿ ಎಂದ. ಅದರ ಮುಂದಿನ ವಾರ ಯಾರದೋ ಮನೆಯಿಂದ ಕಂದು ಬಣ್ಣದ ಎಣ್ಣೆಯ ಸೀಸೆ ತಂದ. ಅದರಿಂದ ಗ್ರೀಸಿನ ವಾಸನೆ ಬರುತ್ತಿತ್ತು.

ಎಂಟೂವರೆ ಅವನ ಮುಖಕ್ಕೇ ಹೀಗಳೆದ. ಓದಿದ್ದು ಹತ್ತನೇ ಕ್ಲಾಸು, ಮಾರೋದು ನೀರಿನ ಡಬ್ಬ, ನಿನಗ್ಯಾಕಪ್ಪ ವೈದ್ಯಕೀಯ ಎಂದ. ಭಾವಮೈದ ಬೇಸರಪಟ್ಟುಕೊಳ್ಳುವ ಪೈಕಿಯಲ್ಲ, ಹಲ್ಲು ಕಿರಿದು ಇನ್ನೊಂದು ಲೋಟ ಕಾಫಿ ಕೇಳಿದ. ಅವನು ಮೆಟ್ಟಿಲಿಳಿದು ಮರೆಯಾಗುತ್ತಲೇ ಎಂಟೂವರೆ ಅಡುಗೆಮನೆಗೆ ಹೋಗಿ, ಯಾರಿಗೂ ಕಾಣದಂತೆ ಬೆಳ್ಳುಳ್ಳಿ ಸುಲಿದ.

ಬೆಳ್ಳುಳ್ಳಿ ಕಟ್ಟಿಕೊಂಡೇ ಮರುದಿನ ಕೆಲಸಕ್ಕೂ ಹೋದ. ಮಧ್ಯಾಹ್ನದ ಹೊತ್ತಿಗೆ ಗಂಡಸರ ವಿಭಾಗವಿಡೀ ಗಬ್ಬೆದ್ದುಹೋಯಿತು. ಮಾಲೀಕರು ಮೂಗರಳಿಸುತ್ತ ಬಂದು ಇದೇನು ವಾಸನೆ ಎಂದರು. ಎಂಟೂವರೆ ಕಣ್ಣು ಮಿಟುಕಿಸದೆ, ಎದುರಿಗೆ ಶೂ ಹಾಕಿ ನೋಡುತ್ತಿದ್ದ ಗಿರಾಕಿಯ ಕಾಲ್ಚೀಲದ ಕಡೆ ಹುಬ್ಬು ಹಾರಿಸಿದ. ಪಾಪ, ಆ ಮನುಷ್ಯ ಶೂ ತೆಗೆದುಕೊಳ್ಳದೆ ಹೋದ. ಸಂಜೆ ಕಟ್ಟು ಬಿಚ್ಚಿದಾಗ ಬೆಳ್ಳುಳ್ಳಿಯ ಖಾರಕ್ಕೆ ಅಂಗಾಲು ಸುಟ್ಟು ಬೊಬ್ಬೆ ಬಂದಿತ್ತು. ಬೊಬ್ಬೆ ಒಡೆದು ವಾಸಿಯಾಗುವಷ್ಟರಲ್ಲಿ ನಾಲ್ಕು ಕಾಳು ಏಳಾಗಿ, ಒಂದಕ್ಕೊಂದು ಕೂಡಿಕೊಂಡು ನಾಣ್ಯದಗಲ ಹಬ್ಬಿದ್ದವು.

ಆಮೇಲೆ ಅವನು ಹೋದದ್ದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಗೆ. ಆಣಿಯನ್ನು ನೋವಿಲ್ಲದೆ ಬೇರುಸಮೇತ ತೆಗೆಯಲಾಗುವುದು ಎಂದು ಅಲ್ಲೊಂದು ಬೋರ್ಡು ನೇತಾಡುತ್ತಿತ್ತು. ಒಳಗಿದ್ದ ಪಂಡಿತ ತಲೆಗೆ ಬಣ್ಣ ಹಚ್ಚಿಕೊಂಡ ದಪ್ಪ ಮನುಷ್ಯ. ಕಾಲನ್ನು ಸ್ಟೂಲಿನ ಮೇಲಿಡಿಸಿ, ಒಂದು ಕೊಳವೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟು ಹೀರಿದ. ಹೀರಿ, ಪಿಂಗಾಣಿ ಬಟ್ಟಲಿಗೆ ಉಗಿದ. ಬಟ್ಟಲಲ್ಲಿ ಬೆಳ್ಳನೆಯ ಎಳೆ ಬಿದ್ದಿತ್ತು. ಬೇರು ಎಂದ. ಅಂಥವು ಮೂರು ಬಂದವು. ಇನ್ನೂ ನಾಲ್ಕಿವೆ, ಬರುವ ವಾರ ಬನ್ನಿ ಎಂದ.

ಜಾಹೀರಾತು ನೋಡಿ ಶೂ ಕೊಳ್ಳಲು ಬರುವವರನ್ನು ಇಪ್ಪತ್ತೆರಡು ವರ್ಷ ಆಡಿಕೊಂಡವನು ಆ ಮೂರು ಬೇರುಗಳನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಮನೆಗೆ ಬಂದ. ಹೆಂಡತಿಯನ್ನು ಕರೆದು ತೋರಿಸಿದ. ಡಾಕ್ಟರ ಹತ್ತಿರ ಹೋಗಿದ್ದರೆ ಇದು ಹೊರಗೆ ಬರುತ್ತಿತ್ತೇ ಎಂದು ಕೇಳಿದ. ಅವಳು ಕನ್ನಡಕ ಹಾಕಿಕೊಂಡು ಒಂದು ಎಳೆಯನ್ನು ಎತ್ತಿ ದೀಪಕ್ಕೆ ಹಿಡಿದಳು. ಎರಡು ಬೆರಳಲ್ಲಿ ಹೊಸೆದಳು. ಆಮೇಲೆ ಸೂಜಿ ತಂದು ಅದರ ಹುರಿ ಬಿಡಿಸಿ ಮೂರು ಎಳೆ ಮಾಡಿ ಮೇಜಿನ ಮೇಲೆ ಸಾಲಾಗಿ ಮಲಗಿಸಿದಳು.

"ನಲವತ್ತನೇ ನಂಬರಿನ ದಾರ," ಎಂದಳು. "ನಾವು ಪರದೆಯ ಅಂಚಿಗೆ ಹಾಕ್ತೀವಿ."

ಎಂಟೂವರೆ ಬೆಂಕಿಪೊಟ್ಟಣ ಮುಚ್ಚಿದ. ನಿನಗೆ ಎಲ್ಲದರಲ್ಲೂ ದಾರವೇ ಕಾಣೋದು ಎಂದು ಗೊಣಗಿ ಪಕ್ಕದ ಕೋಣೆಗೆ ಹೋಗಿ ಕೂತ. ಆ ಪಂಡಿತನ ಹತ್ತಿರ ಮತ್ತೆ ಹೋಗಲಿಲ್ಲ, ಅವನು ಕಳ್ಳನೆಂದು ಒಪ್ಪಿಕೊಳ್ಳಲೂ ಇಲ್ಲ.

ಕಾಲಲ್ಲಿದ್ದದ್ದು ಕೈಗೆ ಬಂದದ್ದು ಆಗಲೇ. ಕೆಲಸವಿಲ್ಲದಾಗ ಅಂಗಾಲನ್ನು ಉಗುರಿನಿಂದ ಕೆದಕುವುದು ಅವನಿಗೆ ಚಟವಾಗಿಹೋಗಿತ್ತು. ಬಲಗೈ ಹೆಬ್ಬೆರಳ ಉಗುರಿನ ಬದಿಯಲ್ಲಿ ಒಂದು, ತೋರುಬೆರಳ ಮೇಲೆ ಎರಡು, ಹೂಕೋಸಿನ ತುಣುಕಿನ ಹಾಗೆ ಒರಟು ಗಂಟುಗಳು ಎದ್ದವು. ಅಂಗಾಲನ್ನು ಶೂ ಮುಚ್ಚುತ್ತದೆ, ಕೈಯನ್ನು ಏನು ಮುಚ್ಚಬೇಕು? ಬೆರಳಿಗೆ ಪ್ಲಾಸ್ಟರು ಸುತ್ತಿಕೊಂಡು ಹೋದ. ಕೇಳಿದವರಿಗೆ ಡಬ್ಬದ ಅಂಚು ತಾಗಿ ಕುಯ್ದುಕೊಂಡೆ ಎಂದ. ಎರಡು ತಿಂಗಳು ದಿನವೂ ಅದೇ ಡಬ್ಬ ಅದೇ ಬೆರಳುಗಳನ್ನು ಕುಯ್ಯಿತು.

ಒಂದು ಶನಿವಾರ ಅಂಗಡಿ ತುಂಬಿ ತುಳುಕುತ್ತಿದ್ದಾಗ ಪ್ಲಾಸ್ಟರು ಬೆವರಿಗೆ ಬಿಚ್ಚಿಕೊಂಡದ್ದನ್ನು ಅವನು ಗಮನಿಸಲಿಲ್ಲ. ಎದುರಿಗೆ ಕೂತಿದ್ದವರು ಒಬ್ಬ ತೆಳ್ಳನೆಯ ಹಿರಿಯರು, ಸಂಗೀತದ ಮೇಷ್ಟ್ರು. ಅವರ ಕಾಲ್ಚೀಲ ಎಳೆದು ಸರಿಮಾಡಲು ಕೈ ಹಾಕಿದ. ಅವರು ಅವನ ಹೆಬ್ಬೆರಳನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ ತಮ್ಮ ಕಾಲನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಕುರ್ಚಿಯಡಿಗೆ ಎಳೆದುಕೊಂಡರು.

"ಬೇರೆ ಯಾರಾದ್ರೂ ಇದ್ದಾರೇನಪ್ಪ?" ಎಂದರು. ದನಿಯಲ್ಲಿ ಕೋಪ ಇರಲಿಲ್ಲ.

ಇಷ್ಟು ವರ್ಷದಲ್ಲಿ ಅವನ ಕೈಯಿಂದ ಯಾರೂ ಕಾಲು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ನಾರುವ ಕಾಲು, ಬಿರಿದ ಹಿಮ್ಮಡಿ, ಕೊಳೆತ ಉಗುರು, ಎಲ್ಲವನ್ನೂ ಹಿಡಿದಿದ್ದ ಕೈ ಅದು. ಖಾಲಿ ಕೈಯನ್ನು ಏನು ಮಾಡಬೇಕೆಂದು ತೋಚದೆ ಡಬ್ಬದ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ.

ಮಾಲೀಕರು ಒಳಗೆ ಕರೆದರು. ನೀನು ಬೇಡ ಅಂತಲ್ಲ, ವಾಸಿಯಾಗೋ ತನಕ ಮೇಲೆ ಗೋಡೌನಿನಲ್ಲಿರು ಎಂದರು. ಮಾತಾಡುವಾಗ ಕುರ್ಚಿಯನ್ನು ಎರಡು ಗೇಣು ಹಿಂದಕ್ಕೆ ಸರಿಸಿಕೊಂಡರು. ಎಂಟೂವರೆ ಮೇಲಕ್ಕೆ ಹೋದ. ಅಲ್ಲಿ ತಗಡಿನ ಮಾಡಿನ ಕೆಳಗೆ ಸೂರಿನ ತನಕ ಡಬ್ಬಗಳು, ಒಂದು ಏಣಿ, ಒಂದು ಬಲ್ಬು. ಕೆಳಗಿನಿಂದ ಗಂಟೆ ಬಾರಿಸಿದರೆ ಕೇಳಿದ ಅಳತೆಯ ಡಬ್ಬ ಹುಡುಕಿ ನೆಲದಲ್ಲಿ ಕೊರೆದ ತೂತಿನಿಂದ ಇಳಿಸಬೇಕು. ಏಣಿಯ ಒಂದೊಂದು ಮೆಟ್ಟಿಲೂ ಸರಿಯಾಗಿ ಆ ಜಾಗಕ್ಕೇ ಒತ್ತುತ್ತಿತ್ತು. ಅವನ ಸ್ಟೂಲಿನ ಮೇಲೆ ಹೊಸಬನೊಬ್ಬ ಬಂದು ಕೂತ. ಕಾಲನ್ನು ಮೂರು ಸಲ ತಗಡಿನ ಅಳತೆಪಟ್ಟಿಯ ಮೇಲೆ ಇಡಿಸಿದರೂ ತಪ್ಪು ಅಳತೆ ಕೂಗುವ ಆಸಾಮಿ. ಮೇಲಿಂದ ತೂತಿನಲ್ಲಿ ಬಗ್ಗಿ ನೋಡುತ್ತ ಎಂಟೂವರೆ ಹಲ್ಲು ಕಡಿಯುತ್ತಿದ್ದ.

ಹದಿನೈದು ದಿನ ಹಲ್ಲು ಕಡಿದು, ಹದಿನಾರನೆಯ ದಿನ ಡಾಕ್ಟರ ಹತ್ತಿರ ಹೋದ. ಮನೆಯಲ್ಲಿ ಹೇಳಲಿಲ್ಲ.

ಚರ್ಮದ ಡಾಕ್ಟರಮ್ಮ ನಲವತ್ತರ ಆಸುಪಾಸಿನವರು, ಮಾತು ಕಡಿಮೆ. ಕಾಲಿಗೆ ದೀಪ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಗಂಟನ್ನು ಎರಡೂ ಬದಿಯಿಂದ ಚಿವುಟಿದರು. ಅವನು ಕುರ್ಚಿಯಿಂದ ಅರ್ಧ ಎದ್ದ. ಬ್ಲೇಡಿನಿಂದ ಮೇಲಿನ ಪದರ ಹೆರೆದು, ಇವು ಸಣ್ಣ ರಕ್ತನಾಳಗಳು, ಒಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿ ಕಾಣುತ್ತೆ ಎಂದರು. ಕೈಬೆರಳನ್ನೂ ನೋಡಿದರು.

"ಇದು ಆಣಿ ಅಂತ ನಿಮಗೆ ಯಾರು ಹೇಳಿದ್ದು?"

"ಯಾರೋ ಹೇಳಿದ್ರು," ಎಂದ ಎಂಟೂವರೆ.

ಹೇಳಿದವರಿಗೆ ಕಾಲಿನ ಬಗ್ಗೆ ಏನೂ ಗೊತ್ತಿಲ್ಲ ಎಂದರು ಡಾಕ್ಟರಮ್ಮ. ಇದು ನರಹುಲಿ, ವೈರಸ್ಸಿನಿಂದ ಬರುತ್ತೆ, ಒಬ್ಬರಿಂದ ಒಬ್ಬರಿಗೆ ಅಂಟುತ್ತೆ. ಅಂಗಡಿಯಲ್ಲಿ ಕೈಕಾಲು ತೊಳೆಯುವ ಜಾಗ ಹೇಗಿದೆ ಎಂದು ಕೇಳಿದರು. ನೆಲ ಸದಾ ಒದ್ದೆ, ಎಲ್ಲರಿಗೂ ಒಂದೇ ಜೊತೆ ರಬ್ಬರ್ ಚಪ್ಪಲಿ ಎಂದ. ಅಲ್ಲಿಂದಲೇ ಬಂದಿರಬಹುದು, ಖಂಡಿತ ಹೇಳೋಕಾಗಲ್ಲ ಎಂದರು. ಕೆದಕಿದರೆ, ಹೆರೆದರೆ ಹಬ್ಬುತ್ತೆ. ಅದೆಲ್ಲವನ್ನೂ ನೀವು ಮಾಡಿದ್ದೀರಿ. ಇನ್ನು ದಿನಾ ಸಂಜೆ ಬಿಸಿನೀರಲ್ಲಿ ನೆನೆಸಿ, ಸತ್ತ ಚರ್ಮ ಉಜ್ಜಿ ತೆಗೆದು, ಈ ಔಷಧಿ ಹಚ್ಚಿ ಪಟ್ಟಿ ಹಾಕಬೇಕು. ಮೂರು ವಾರಕ್ಕೊಮ್ಮೆ ಇಲ್ಲಿ ಬಂದು ಗಂಟುಗಳನ್ನು ಅತಿ ಶೀತದಿಂದ ಹೆಪ್ಪುಗಟ್ಟಿಸಿಕೊಳ್ಳಬೇಕು. ಎಷ್ಟು ದಿನ ಎಂದು ಕೇಳಿದ. ತಿಂಗಳುಗಟ್ಟಲೆ ಎಂದರು. ಮನೆಯವರ ಕಾಲನ್ನೂ ನೋಡಿ, ಕಲ್ಲು, ಟವೆಲು, ಚಪ್ಪಲಿ ಎಲ್ಲ ಬೇರೆ ಮಾಡಿ ಎಂದು ಕಳಿಸಿದರು.

ಮನೆಗೆ ಬರುವ ದಾರಿಯಲ್ಲಿ ಅವನು ಪಾಠ ಸಿದ್ಧಮಾಡಿಕೊಂಡ. ಕೂತವನೇ ಹೆಂಡತಿಗೆ ಒಪ್ಪಿಸಿದ: ಇದು ವೈರಸ್ಸು, ಆಣಿ ಅಂದುಕೊಳ್ಳೋರು ಮೂರ್ಖರು, ಅಂಟುತ್ತೆ, ಇನ್ನು ಮೇಲೆ ನಿನ್ನ ಕಲ್ಲು ಬೇರೆ ನನ್ನ ಕಲ್ಲು ಬೇರೆ. ಅವಳು ಪೂರ್ತಿ ಕೇಳಿದಳು. ಎದ್ದು ಹೋಗಿ ಬಟ್ಟೆಯ ಬೀರುವಿನಿಂದ ತಗಡಿನ ಡಬ್ಬಿಯೊಂದನ್ನು ತಂದು ಅವನ ಮುಂದೆ ಬಿಚ್ಚಿದಳು. ಒಳಗೆ ಕಾಲು ಉಜ್ಜುವ ಬೇರೊಂದು ಕಲ್ಲು, ಮಡಿಸಿದ ಸಣ್ಣ ಟವೆಲು, ಮುಕ್ಕಾಲು ಖಾಲಿಯಾದ ಔಷಧಿ ಸೀಸೆ. ಅವನ ಜೇಬಿನಲ್ಲಿದ್ದದ್ದೂ ಅದೇ ಸೀಸೆ, ಅದೇ ಹಸಿರು ಚೀಟಿ.

ನಿಮ್ಮ ಕಾಲಲ್ಲಿ ಕಾಣಿಸಿಕೊಂಡ ನಾಲ್ಕನೇ ತಿಂಗಳಿಗೆ ನನಗೂ ಬಂತು, ಹಿಮ್ಮಡಿಯಲ್ಲಿ ಎರಡು ಎಂದಳು. ಕಲ್ಲಿನಿಂದ ಬಂದದ್ದು. ಅದೇ ಡಾಕ್ಟರಮ್ಮನಿಗೆ ತೋರಿಸಿದೆ. ನಾಲ್ಕು ತಿಂಗಳಲ್ಲಿ ಹೋಯಿತು, ಹೋಗಿ ಒಂದು ತಿಂಗಳಾಯಿತು.

ಅವನು ಸೀಸೆಯನ್ನು ಎತ್ತಿ ತಿರುಗಿಸಿ ನೋಡಿದ. "ನನಗೆ ಯಾಕೆ ಹೇಳ್ಲಿಲ್ಲ?"

"ಡಾಕ್ಟರಿಗೆ ತೋರಿಸಿ ಅಂತ ಮೂರು ಸಲ ಹೇಳ್ದೆ. ನಾನ್ಯಾರು ಅಂತ ಕೇಳಿದ್ರಿ."

"ಆದ್ರೂ ನಿನಗೆ ವಾಸಿಯಾಗಿದೆ ಅಂತ ಹೇಳಬಹುದಿತ್ತಲ್ಲ."

"ಹೇಳಿದ್ರೆ ಏನಂತಿದ್ರಿ? ನಿಂದು ನರಹುಲಿ, ನಂದು ಆಣಿ ಅಂತಿದ್ರಿ." ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ನಿಮಗೆ ಕಾಲು ವಾಸಿಯಾಗೋದು ಬೇಕಿರ್ಲಿಲ್ಲ ರೀ. ನೀವು ಹೇಳಿದ್ದೇ ಸರಿ ಅಂತ ಆಗ್ಬೇಕಿತ್ತು. ದಾರ ನೋಡಿದ ದಿನ ನಾನು ಕೈಬಿಟ್ಟೆ."

ಅವಳು ದನಿ ಏರಿಸಿದ್ದರೆ ಅವನೂ ಏರಿಸಿ ಗೆದ್ದುಬಿಡುತ್ತಿದ್ದ. ಅವಳು ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚಲು ಕೂತಳು. ಇಷ್ಟು ವರ್ಷದ ಹೂಂಗಳೆಲ್ಲ ಏನಾಗಿದ್ದವೆಂದು ಅವನಿಗೆ ಆಗ ಹೊಳೆಯಿತು. ಗಿರಾಕಿಗಳ ಬಗ್ಗೆ ಅವನು ಏನು ತಿಳಿದಿದ್ದನೋ, ಅವನ ಬಗ್ಗೆ ಅವಳೂ ಅದನ್ನೇ ತಿಳಿದಿದ್ದಳು. ಅದನ್ನು ಊಟದ ಹೊತ್ತಿನಲ್ಲಿ ಹೇಳುವ ಅಭ್ಯಾಸ ಮಾತ್ರ ಅವಳಿಗಿರಲಿಲ್ಲ.

ಔಷಧಿ ಶುರುವಾಯಿತು. ಮೂರು ವಾರಕ್ಕೊಮ್ಮೆ ಡಾಕ್ಟರಮ್ಮ ಹೊಗೆಯಾಡುವ ಡಬ್ಬಿಯಿಂದ ಅತಿ ಶೀತದ ದ್ರವವನ್ನು ಗಂಟುಗಳಿಗೆ ಸಿಂಪಡಿಸುತ್ತಿದ್ದರು. ಶೀತ ಎನ್ನುವುದು ಹೆಸರಿಗೆ, ಆದರೆ ಕಾದ ಕಬ್ಬಿಣ ಇಟ್ಟ ಹಾಗೆ ಉರಿಯುತ್ತಿತ್ತು. ಎರಡು ದಿನ ಹಿಮ್ಮಡಿಯಲ್ಲೇ ನಡೆದಾಡಿದ. ಬೆರಳಿನವು ಮೂರು ಸಲಕ್ಕೇ ಉದುರಿದವು. ಅಂಗಾಲಿನದು ಐದನೆಯ ಸಲಕ್ಕೆ ಚಪ್ಪಟೆಯಾಗಿ, ನೋವು ನಿಂತು, ಹೋದ ಹಾಗೇ ಕಂಡಿತು. ಆಯಿತಲ್ಲ ಎಂದುಕೊಂಡು ಎಂಟೂವರೆ ತನಗೆ ತಾನೇ ಬಿಡುಗಡೆ ಕೊಟ್ಟುಕೊಂಡ. ಬಿಸಿನೀರು ಬಿಟ್ಟ, ಪಟ್ಟಿ ಬಿಟ್ಟ, ಡಾಕ್ಟರ ಹತ್ತಿರ ಹೋಗುವುದನ್ನೂ ಬಿಟ್ಟ. ಭಾವಮೈದ ಬಂದು, ನೋಡಿದ್ರಾ ಭಾವ, ಎಣ್ಣೆ ಈಗ ಒಳಗಿಂದ ಕೆಲಸ ಮಾಡ್ತಿದೆ ಎಂದ. ಎಂಟೂವರೆಗೆ ಅವನನ್ನು ಬೈಯುವ ಉಮೇದೂ ಇರಲಿಲ್ಲ. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಕಪ್ಪು ಚುಕ್ಕೆಗಳು ಮತ್ತೆ ಎದ್ದವು.

ಈ ಸಲ ಅವನೇ ಹೋಗಿ ಹೆಂಡತಿಯ ಮುಂದೆ ಕಾಲು ಚಾಚಿದ. ಅವಳು ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು ಬಂದು ಕೂತಳು. ನಿಮ್ಮ ಕೈಗೆ ಬಿಟ್ಟರೆ ಆಗುವ ಕೆಲಸವಲ್ಲ ಇದು ಎಂದಳು. ಅಂದಿನಿಂದ ದಿನವೂ ಸಂಜೆ ಅವನು ಕುರ್ಚಿಯಲ್ಲಿ, ಅವಳು ಕೆಳಗೆ. ಬಟ್ಟೆಯ ಅಂಚು ಮಡಿಸುವ ಶಿಸ್ತಿನಲ್ಲೇ ಸತ್ತ ಚರ್ಮ ತೆಗೆದು, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ನಡುವೆ ಕಡ್ಡಿಯಿಂದ ಒಂದೇ ಹನಿ ಔಷಧಿ ಇಡುತ್ತಿದ್ದಳು. ಒಂದು ದಿನ ಅವನು ಆಚೆಮನೆಯವರ ಕಾಲಿನ ಬಗ್ಗೆ ಏನೋ ಕುಹಕವಾಡಲು ಬಾಯಿ ತೆರೆದ. ಅವಳು ತಲೆ ಎತ್ತದೆ, ನಿಮ್ಮ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ, ಹಿಮ್ಮಡಿ ಒಣಗಿದ ಕೆರೆಯ ಹಾಗಿದೆ, ಇಷ್ಟು ವರ್ಷ ಯಾರಾದ್ರೂ ಏನಾದ್ರೂ ಅಂದಿದ್ದೀವಾ ಎಂದಳು. ಅವನು ಬಗ್ಗಿ ನೋಡಿದ. ತನ್ನ ಪಾದವನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮತ್ತೆ ಏಳು ತಿಂಗಳು ಹಿಡಿಯಿತು. ಬೆರಳು ಶುದ್ಧವಾದದ್ದು ನೋಡಿ ಮಾಲೀಕರು ಅವನನ್ನು ಆಗಲೇ ಕೆಳಗೆ ಕರೆದಿದ್ದರು. ಹೊಸಬನನ್ನು ತೆಗೆದುಹಾಕುವ ಧೈರ್ಯ ಅವರಿಗಿರಲಿಲ್ಲ, ಆದ್ದರಿಂದ ಒಂದು ಕಾಲನ್ನು ಇಬ್ಬರು ಹಿಡಿಯುವ ಸ್ಥಿತಿ ಬಂತು. ಹೊಸಬ ತಪ್ಪು ಅಳತೆ ಕೂಗಿದಾಗ ಎಂಟೂವರೆ ಸರಿಯಾದ ಡಬ್ಬವನ್ನು ಸುಮ್ಮನೆ ಅವನ ಪಕ್ಕಕ್ಕೆ ಸರಿಸುತ್ತಿದ್ದ. ಒಳಗೊಳಗೆ ಅವನನ್ನು ಕತ್ತೆ ಎಂದು ಬೈದುಕೊಳ್ಳುವುದನ್ನು ಮಾತ್ರ ಬಿಟ್ಟಿರಲಿಲ್ಲ. ಸಿಬ್ಬಂದಿಯ ಕೈತೊಳೆಯುವ ಜಾಗದ ರಬ್ಬರ್ ಚಪ್ಪಲಿಯನ್ನು ಯಾರನ್ನೂ ಕೇಳದೆ ಎತ್ತಿ ಕಸದ ಬುಟ್ಟಿಗೆ ಎಸೆದ. ಮಾಲೀಕರು ಗೊಣಗಿದರು. ಹಾಗಾದರೆ ನೀವು ಅದನ್ನು ಬರಿಗಾಲಿಗೆ ಹಾಕಿಕೊಂಡು ನಿಂತು ತೋರಿಸಿ ಎಂದ. ಅವರು ನಿಲ್ಲಲಿಲ್ಲ.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಹೆಂಡತಿಯೂ ಜೊತೆಗೆ ಬಂದಿದ್ದಳು, ಆದರೆ ಒಳಗೆ ಬರಲಿಲ್ಲ. ಡಾಕ್ಟರಮ್ಮ ದೀಪ ಹಿಡಿದು ನೋಡಿದರು. ಚರ್ಮದ ಗೆರೆಗಳು ಆ ಜಾಗದ ಮೇಲೆ ಅಡ್ಡಲಾಗಿ ಮತ್ತೆ ಕೂಡಿಕೊಂಡಿವೆ, ಚುಕ್ಕೆ ಇಲ್ಲ, ಹೋಗಿದೆ ಎಂದರು. ಮತ್ತೆ ಬರಲ್ಲ ಅಂತ ಬರೆದುಕೊಡೋಕಾಗಲ್ಲ, ಮೂರು ತಿಂಗಳು ಕಳೆದು ಒಮ್ಮೆ ತೋರಿಸಿ ಎಂದರು.

ಹೊರಗೆ ಬಂದು ಹೆಂಡತಿಗೆ ಹೋಗಿದೆಯಂತೆ ಎಂದ. ಅವಳು ನಂಬಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ, ಬರುವ ಹೋಗುವ ಜನರ ನಡುವೆಯೇ ಅವನನ್ನು ಕೂರಿಸಿ ಶೂ ಬಿಚ್ಚಿಸಿದಳು. ಕಾಲ್ಚೀಲ ಎಳೆದು, ಅಂಗಾಲನ್ನು ಬೆಳಕಿಗೆ ತಿರುವಿ, ಆ ಜಾಗವನ್ನು ಬರಿಗೈಯಲ್ಲಿ ಎರಡೂ ಬದಿಯಿಂದ ಚಿವುಟಿ ಅವನ ಮುಖ ನೋಡಿದಳು. ನೋವಾಗಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಚಿವುಟಿದಳು.

"ಸರಿ, ಹಾಕ್ಕೊಳ್ಳಿ," ಎಂದು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಪರದೆಯ ಅಂಗಡಿ ತೆರೆಯುವ ಹೊತ್ತಾಗಿತ್ತು. ಅವನು ಲೇಸು ಕಟ್ಟಿಕೊಳ್ಳುವಷ್ಟರಲ್ಲಿ ಅವಳು ರಸ್ತೆ ದಾಟಿಯಾಗಿತ್ತು. ಅವನು ಎದ್ದು, ಬೇಗ ಬೇಗ ಹೆಜ್ಜೆ ಹಾಕುತ್ತ ಅವಳ ಹಿಂದೆ ನಡೆದ.